ಅಂಗಳದ ದ್ರಾಕ್ಷಿ ಬಳ್ಳಿ ಮೂರು ವರ್ಷವಾದರೂ ಕಾಯಿ ಬಿಟ್ಟಿಲ್ಲ, ಏನು ಮಾಡಲಿ?

ಅಂಗಳದ ಬಳ್ಳಿ, ಕಲಬುರಗಿ:
ಎಲ್ಲರಿಗೂ ನಮಸ್ಕಾರ ರೀ. ನಮ್ಮ ಅಂಗಳದಲ್ಲಿ ಮೂರು ವರ್ಷದ ಹಿಂದೆ ಒಂದು ದ್ರಾಕ್ಷಿ ಸಸಿ ಹಚ್ಚಿದೆವು. ಬೀಜವಿಲ್ಲದ ಹಸಿರು ದ್ರಾಕ್ಷಿ, ಥಾಮ್ಸನ್ ಅಂತ ಹೇಳಿ ಕೊಟ್ಟಿದ್ದರು. ಅಂಗಳಕ್ಕೆಲ್ಲ ಶಹಾಬಾದ್ ಪರಸಿ ಹಾಸಿದೆ, ಬೇಸಿಗೆಯಲ್ಲಿ ಬರಿಗಾಲಲ್ಲಿ ನಿಲ್ಲಲಿಕ್ಕೆ ಆಗುವುದಿಲ್ಲ, ನೆರಳಿಗಂತಲೇ ಪೈಪಿನ ಚಪ್ಪರ ಹಾಕಿ ಬಳ್ಳಿ ಹಬ್ಬಿಸಿದ್ದು. ಈಗ ಚಪ್ಪರ ತುಂಬಿ ಮಾಳಿಗೆಗೂ ಏರಿದೆ. ಅವ್ವ ಮಧ್ಯಾಹ್ನ ಅದರ ಕೆಳಗೇ ಕೂತು ಜೋಳ ಹಸನು ಮಾಡುತ್ತಾಳೆ. ಆದರೆ ಇನ್ನೂ ಒಂದು ಗೊಂಚಲೂ ಕಂಡಿಲ್ಲ. ಸೆಗಣಿ ಗೊಬ್ಬರ ಹಾಕುತ್ತೇವೆ, ದಿನಾ ನೀರು ಬಿಡುತ್ತೇವೆ. ಕತ್ತರಿ ಮಾತ್ರ ಹಾಕಿಲ್ಲ, ಇಷ್ಟು ಚೆಂದ ಬೆಳೆದದ್ದನ್ನು ಕಡಿಯಲು ಮನಸ್ಸೇ ಬರಲಿಲ್ಲ. ಇದು ಗಂಡು ಗಿಡ, ಕಿತ್ತು ಹಾಕಿ ಅನ್ನುತ್ತಾರೆ ಪಕ್ಕದ ಮನೆಯವರು. ನಿಜವಾ?

ವಿಜಯಪುರದ ಅಳಿಯ:
ಕೀಳಬೇಡಿ ಅಕ್ಕಾ. ತೋಟದ ದ್ರಾಕ್ಷಿಗೆ ಒಂದೇ ಹೂವಿನಲ್ಲಿ ಗಂಡೂ ಹೆಣ್ಣೂ ಇರುತ್ತವೆ, ಒಂದೇ ಬಳ್ಳಿ ಸಾಕು. ಕಾರಣ ನೀವೇ ಬರೆದಿದ್ದೀರಿ, ಕತ್ತರಿ ಹಾಕಿಲ್ಲ.

ಚಳಿ ದೇಶದಲ್ಲಿ ದ್ರಾಕ್ಷಿ ಎಲೆ ಉದುರಿಸಿ ಮಲಗುತ್ತದೆ. ನಮ್ಮ ಕಡೆ ಅದಕ್ಕೆ ಆ ನಿದ್ದೆ ಇಲ್ಲ, ಸುಮ್ನೆ ಬೆಳೆಯುತ್ತಲೇ ಹೋಗುತ್ತದೆ. ಅದಕ್ಕೇ ನಮ್ಮ ಮಾವನ ತೋಟದಲ್ಲಿ ವರ್ಷಕ್ಕೆ ಎರಡು ಚಾಟನಿ, ಅಂದರೆ ಎರಡು ಸಲ ಕತ್ತರಿ ಹಾಕುವುದು. ಏಪ್ರಿಲ್‌ನಲ್ಲಿ ಪ್ರತಿ ಕಡ್ಡಿಗೂ ಒಂದೆರಡು ಕಣ್ಣು (ಚಿಗುರು ಒಡೆಯುವ ಮೊಗ್ಗು) ಬಿಟ್ಟು ಉಳಿದದ್ದೆಲ್ಲ ಕತ್ತರಿಸುತ್ತಾರೆ. ಆಮೇಲೆ ಬರುವ ಹೊಸ ಕಡ್ಡಿಯ ಕಣ್ಣಿನೊಳಗೆ ಸುಮಾರು 40ರಿಂದ 60 ದಿನದ ಹೊತ್ತಿಗೆ ಗೊಂಚಲು ಕಟ್ಟುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಆಗ ಕಡ್ಡಿಗೆ ಬಿಸಿಲು ಬೀಳಲೇಬೇಕು. ನಿಮ್ಮ ಚಪ್ಪರದಲ್ಲಿ ಎಲೆ ಮೇಲೆ ಎಲೆ ಕೂತು ಒಳಗೆ ಕತ್ತಲೆ ಆಗಿರುತ್ತದೆ, ಅಲ್ವಾ? ಅಕ್ಟೋಬರ್‌ನದು ಎರಡನೇ ಚಾಟನಿ, ಕಣ್ಣಿನೊಳಗೆ ಇದ್ದದ್ದನ್ನು ಹೊರಗೆ ತರುವುದು. ಥಾಮ್ಸನ್‌ಗೆ ಬುಡದ ಕಣ್ಣುಗಳು ಬರೀ ಎಲೆ ಕೊಡುತ್ತವೆ, ಹಾಗಾಗಿ ಆರರಿಂದ ಎಂಟು ಕಣ್ಣು ಬಿಟ್ಟು ಕತ್ತರಿಸಬೇಕು. ಫೆಬ್ರವರಿ, ಮಾರ್ಚ್‌ಗೆ ಹಣ್ಣು.

ಇನ್ನೊಂದು ನೋಡಿ. ಕಸಿ ಸಸಿಯಾಗಿದ್ದರೆ ಬುಡದಲ್ಲಿ ಗಂಟು ಇರುತ್ತದೆ. ಗಂಟಿನ ಕೆಳಗಿಂದ ಚಿಗುರು ಬಂದಿದ್ದರೆ ಅದು ಡಾಗ್‌ರಿಡ್ಜ್ ಅನ್ನುವ ಬೇರುಗಿಡದ್ದಿರಬಹುದು, ಅಂದರೆ ಕಸಿ ಕಟ್ಟಲು ಕೆಳಗೆ ಬಳಸುವ ಬೇರೆ ದ್ರಾಕ್ಷಿಯದ್ದು. ಮೇಲಿನ ಕಸಿ ಸತ್ತು ಅದೊಂದೇ ಬೆಳೆದಿದ್ದರೆ ಎಷ್ಟು ವರ್ಷ ಕಾದರೂ ಥಾಮ್ಸನ್ ಬರುವುದಿಲ್ಲ.

ಬೀದರ್ ಕೆಂಪು ಮಣ್ಣು:
ಅಣ್ಣ ಹೇಳಿದ್ದು ಸರಿ. ನನ್ನ ಹತ್ತಿರ ಇರುವುದು ಬೆಂಗಳೂರು ಬ್ಲೂ, ಅದು ಎರಡು ಕಣ್ಣಿಗೆ ಕತ್ತರಿಸಿದರೂ ಗೊಂಚಲು ಕೊಡುತ್ತದೆ. ಬೀಜ ಇದೆ, ಸ್ವಲ್ಪ ಹುಳಿ, ಆದರೆ ಮನೆಗೆ ಇದರಷ್ಟು ಸಲೀಸು ಬೇರೆ ಇಲ್ಲ ಅಂತ ನನ್ನ ಅನುಭವ.

ದಿನಾ ನೀರು ಮಾತ್ರ ನಿಲ್ಲಿಸಿ. ನಿಮ್ಮದು ಎರೆ ಮಣ್ಣು, ಹೇಗೂ ನೀರು ಹಿಡಿದುಕೊಳ್ಳುತ್ತದೆ, ಅದರ ಮೇಲೆ ದಿನಾ ಬಿಟ್ಟರೆ ಬೇರು ಉಸಿರಾಡುವುದಿಲ್ಲ. ನೀರು, ಗೊಬ್ಬರ ಎರಡೂ ಜಾಸ್ತಿ ಆದರೆ ಬಳ್ಳಿ ಎಲೆ ಮಾಡುತ್ತಾ ಕೂರುತ್ತದೆ.

ಅಕ್ಟೋಬರ್‌ನಲ್ಲಿ ಕತ್ತರಿಸಿದ ಮೇಲೆ ಮಳೆ ಬಂದರೆ ಹುಷಾರು. ಎಲೆ ಮೇಲೆ ಎಣ್ಣೆ ಬಿದ್ದಂಥ ಹಳದಿ ಕಲೆ, ಕೆಳಗೆ ಬಿಳಿ ಬೂಜು ಕಂಡರೆ ಕೆಲವೇ ದಿನದಲ್ಲಿ ಹೂಗೊಂಚಲೂ ಒಣಗುತ್ತದೆ, ನನಗೆ ಒಂದು ವರ್ಷದ್ದು ಪೂರ್ತಿ ಹೋಯಿತು. ಚಿಗುರು ಬರುತ್ತಲೇ ಬೋರ್ಡೋ ದ್ರಾವಣ ಹೊಡೆಯಿರಿ. 10 ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ. ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ ಆಮೇಲೆ ಕೂಡಿಸಬೇಕು. ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ತೀರಾ ಎಳೆ ಚಿಗುರಿಗೆ ಅಷ್ಟೇ ನೀರಿಗೆ ಮೈಲುತುತ್ತ, ಸುಣ್ಣ ಎರಡೂ ಇದರ ಅರ್ಧ ಸಾಕು, ಇಲ್ಲದಿದ್ದರೆ ಸುಡುತ್ತದೆ.

ಅಂಗಳದ ಬಳ್ಳಿ:
ಇಬ್ಬರಿಗೂ ತುಂಬಾ ಉಪಕಾರ ಆಯಿತು. ಗಂಟು ನೋಡಿದೆ, ಬಳ್ಳಿ ಗಂಟಿನ ಮೇಲಿಂದಲೇ ಬಂದಿದೆ, ಜೀವ ಬಂದಂತಾಯಿತು. ಆದರೆ ಏಪ್ರಿಲ್‌ನಲ್ಲಿ ಕಡಿದರೆ ಅವ್ವನಿಗೆ ನೆರಳು ಎಲ್ಲಿಂದ? ನಮ್ಮಲ್ಲಿ ಆಗಲೇ 42 ಡಿಗ್ರಿ ಇರುತ್ತದೆ.

ವಿಜಯಪುರದ ಅಳಿಯ:
ಈ ಕಷ್ಟ ನಿಜ ಅಕ್ಕಾ, ತೋಟದವರಿಗೆ ಇಲ್ಲದ್ದು. ಹಣ್ಣು ಕಿತ್ತ ಮೇಲೆ ಬಳ್ಳಿಗೆ ಎರಡು ಮೂರು ವಾರ ಬಿಡುವು ಕೊಟ್ಟು, ಮಾರ್ಚ್ ಕೊನೆಗೇ ಕತ್ತರಿಸಿಬಿಡಿ. ಒಂದೂವರೆ ತಿಂಗಳಲ್ಲಿ ಚಪ್ಪರ ಮತ್ತೆ ಹಸಿರಾಗುತ್ತದೆ, ಮೇ ತಿಂಗಳ ಬಿಸಿಲಿಗೆ ನೆರಳು ಸಿಗುತ್ತದೆ. ಅಲ್ಲಿಯವರೆಗೆ ಚಪ್ಪರದ ಕೆಳಗಡೆ ಹಸಿರು ನೆಟ್ ಕಟ್ಟಿ, ಮೇಲೆ ಕಟ್ಟಿದರೆ ಕಡ್ಡಿಗೆ ಬಿಸಿಲು ತಪ್ಪುತ್ತದೆ. ಬೋಳಾದ ಕಾಂಡಕ್ಕೆ ಸುಣ್ಣ ಬಳಿಯಿರಿ, ಬಿಸಿಲಿಗೆ ಸುಡದಂತೆ. ಕಡಿದ ಜಾಗದಿಂದ ನೀರು ತೊಟ್ಟಿಕ್ಕಿದರೆ ಹೆದರಬೇಡಿ, ತಾನೇ ನಿಲ್ಲುತ್ತದೆ.

ಈ ಅಕ್ಟೋಬರ್‌ನಲ್ಲಿ ಪೆನ್ಸಿಲ್ ದಪ್ಪದ, ಬಿಸಿಲು ಕಂಡು ಕಂದು ಬಣ್ಣಕ್ಕೆ ತಿರುಗಿದ ಕಡ್ಡಿ ಆರಿಸಿ ಕತ್ತರಿಸಿ ನೋಡಿ. ಚಿಗುರಿನ ನಾಲ್ಕೈದನೇ ಎಲೆಯ ಎದುರಿಗೆ ಸಣ್ಣ ಸಾಸಿವೆ ಕಾಳಿನ ಗುಂಪಿನಂತೆ ಕಂಡರೆ ಅದೇ ಗೊಂಚಲು. ಬರೀ ಸುರುಳಿ ದಾರ ಬಂದರೆ ಈ ವರ್ಷ ಇಲ್ಲ.

ಅಂಗಳದ ಬಳ್ಳಿ:
ಅವ್ವನಿಗೆ ಓದಿ ಹೇಳಿದೆ. ಒಂದೂವರೆ ತಿಂಗಳು ತಾನೇ, ಪಡಸಾಲೆಯಲ್ಲಿ ಕೂರುತ್ತೇನೆ ಬಿಡು ಅಂದಳು. ಮುಂದಿನ ವಾರ ಕತ್ತರಿ ಹಾಕುತ್ತೇವೆ, ಚಿಗುರು ಬಂದ ಮೇಲೆ ಫೋಟೋ ಹಾಕುತ್ತೇನೆ.