ಸ್ಕಿಮ್ಮರ್ ಬೆಳಿಗ್ಗೆ ಸುಮ್ನೆ ನಿಂತಿರುತ್ತದೆ, ರಾತ್ರಿ ಉಕ್ಕುತ್ತದೆ. ಏನು ಮಾಡಲಿ?

ಕುವೆಂಪುನಗರ_ಟ್ಯಾಂಕ್:
ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟು ಐದು ತಿಂಗಳಾಯಿತು. ಮೂರು ಅಡಿ ಉದ್ದ, ಅಗಲ ಎತ್ತರ ಎರಡೂ ಒಂದೂವರೆ ಅಡಿ. ಕಲ್ಲು ಮರಳು ಕಳೆದು, ಸಂಪ್ (ಟ್ಯಾಂಕ್ ಕೆಳಗೆ ನೀರು ಸೋಸಲು ಇಟ್ಟ, ಖಾನೆಗಳಿರುವ ತೊಟ್ಟಿ) ಸೇರಿಸಿದರೆ ಸುಮಾರು 180 ಲೀಟರ್ ನೀರು. ಒಂದು ಜೋಡಿ ಕ್ಲೌನ್ ಮೀನು, ಒಂದು ಗೋಬಿ ಮೀನು, ಸ್ವಲ್ಪ ಸಾಫ್ಟ್ ಕೋರಲ್ (ಮೆದು ಹವಳ) ಇವೆ.

ಎರಡು ವಾರದ ಹಿಂದೆ ಪ್ರೋಟೀನ್ ಸ್ಕಿಮ್ಮರ್ ತಂದೆ, ಅಂದರೆ ಗಾಳಿಗುಳ್ಳೆಯ ನೊರೆಯಿಂದ ನೀರಿನ ಕೊಳೆ ಎತ್ತಿ ಮೇಲಿನ ಕಪ್‌ಗೆ ಹಾಕುವ ಉಪಕರಣ. ಸಂಪ್ ಒಳಗೆ ಕೂರಿಸುವಂಥದ್ದು, 400 ಲೀಟರ್ ಟ್ಯಾಂಕ್‌ಗೆ ಅಂತ ಡಬ್ಬದ ಮೇಲಿದೆ. ಇವತ್ತಿನವರೆಗೆ ಒಂದು ದಿನವೂ ನೆಟ್ಟಗೆ ನಡೆದಿಲ್ಲ. ಬೆಳಿಗ್ಗೆ ನೋಡಿದರೆ ಕಪ್ ಖಾಲಿ, ನೊರೆ ಕಪ್‌ಗೆ ಹತ್ತುವ ಕತ್ತಿನ ಕೆಳಗೇ ನಿಂತಿರುತ್ತದೆ. ಸ್ಕಿಮ್ಮರ್‌ನಿಂದ ನೀರು ಹೊರಬಿಡುವ ವಾಲ್ವ್ ಸ್ವಲ್ಪ ಬಿಗಿ ಮಾಡಿ ಕೆಲಸಕ್ಕೆ ಹೋಗುತ್ತೇನೆ. ಸಂಜೆ ಬಂದು ಆವಿಯಾದಷ್ಟು ನೀರು ತುಂಬಿಸಿ ಊಟ ಮುಗಿಸುವಷ್ಟರಲ್ಲಿ ಕಪ್ ತುಂಬಿ, ತಿಳಿ ನೀರೇ ಉಕ್ಕಿ ವಾಪಸ್ ಸಂಪ್‌ಗೆ ಸುರಿಯುತ್ತಿರುತ್ತದೆ. ಮತ್ತೆ ವಾಲ್ವ್ ಸಡಿಲ ಮಾಡುತ್ತೇನೆ. ಬೆಳಿಗ್ಗೆ ಮತ್ತೆ ಅದೇ ಕತೆ. ಮೀನುಗಳು ಚೆನ್ನಾಗಿವೆ, ಆದರೆ ಗಾಜಿನ ಮೇಲೆ ಪಾಚಿ ಜಾಸ್ತಿ ಆಗುತ್ತಿದೆ. ಸ್ಕಿಮ್ಮರ್ ಕೆಟ್ಟದ್ದಾ, ನಾನು ಕೂರಿಸಿದ್ದು ತಪ್ಪಾ?

ಸಂಪ್_ಸರಸ್ವತಿಪುರಂ:
ಸರ್, ಮೊದಲು ವಾಲ್ವ್‌ನಿಂದ ಕೈ ತೆಗೆಯಿರಿ. ಸ್ಕಿಮ್ಮರ್ ಕೆಟ್ಟಿಲ್ಲ ಅನಿಸುತ್ತದೆ. ಒಂದು ವಿಷಯ ಹೇಳಿ, ಅದನ್ನು ಸಂಪ್‌ನ ಯಾವ ಭಾಗದಲ್ಲಿ ಇಟ್ಟಿದ್ದೀರಿ? ನೀರು ಮೇಲಕ್ಕೆ ಕಳಿಸುವ ರಿಟರ್ನ್ ಪಂಪ್ ಇರುವ ಕೊನೆಯ ಖಾನೆಯಲ್ಲಾ?

ಕುವೆಂಪುನಗರ_ಟ್ಯಾಂಕ್:
ಹೌದು ಸರ್, ಅಲ್ಲೇ. ಬೇರೆ ಕಡೆ ನೀರು ಸೋಸುವ ಸಾಕ್ಸ್ (ಬಟ್ಟೆ ಚೀಲ) ಮತ್ತು ಕಲ್ಲು ತುಂಬಿವೆ. ಆ ಖಾನೆ ಒಂದು ಅಡಿ ಉದ್ದ, ಹತ್ತು ಇಂಚು ಅಗಲ. ಬೇಸಿಗೆ ಅಂತ ಟ್ಯಾಂಕ್ ಮೇಲೆ ಫ್ಯಾನ್ ಹಾಕಿದ್ದೇನೆ, ದಿನಕ್ಕೆ ಮೂರು ಲೀಟರ್ ಆವಿಯಾಗುತ್ತದೆ.

ಸಂಪ್_ಸರಸ್ವತಿಪುರಂ:
ಸಿಕ್ಕಿತಲ್ಲ ಉತ್ತರ. ಟ್ಯಾಂಕ್‌ನಲ್ಲಿ ಎಷ್ಟು ಆವಿಯಾದರೂ ಕಡಿಮೆ ಆಗುವುದು ಆ ಕೊನೆಯ ಖಾನೆಯ ನೀರು ಮಾತ್ರ. ನೀವು ಹೇಳಿದ ಅಳತೆಗೆ ಮೂರು ಲೀಟರ್ ಅಂದರೆ ಸುಮಾರು 4 ಸೆಂಟಿಮೀಟರ್ ಇಳಿತ. ಸ್ಕಿಮ್ಮರ್‌ಗೆ ಒಂದು ಸೆಂಟಿಮೀಟರ್ ಹೆಚ್ಚು ಕಡಿಮೆ ಆದರೂ ಗೊತ್ತಾಗುತ್ತದೆ, ನಾಲ್ಕು ಅಂದರೆ ಕೇಳಲೇಬೇಡಿ. ಹೊರಗೆ ನೀರು ಇಳಿದರೆ ಒಳಗಿನ ನೊರೆಯೂ ಇಳಿಯುತ್ತದೆ. ಸಂಜೆ ನೀವು ಒಂದೇ ಸಲ ಮೂರು ಲೀಟರ್ ಸುರಿದಾಗ, ಬೆಳಿಗ್ಗೆ ಬಿಗಿ ಮಾಡಿದ ವಾಲ್ವ್ ಬೇರೆ ಸೇರಿ ಉಕ್ಕುತ್ತದೆ.

ಕಲ್ಲು ತೆಗೆದು ಮಧ್ಯದ ಖಾನೆಗೆ ಸ್ಥಳಾಂತರಿಸಿ. ಅಲ್ಲಿ ಅಡ್ಡಗಾಜು ಎಷ್ಟು ಎತ್ತರ ಇದೆಯೋ ನೀರು ಅಷ್ಟಕ್ಕೇ ನಿಲ್ಲುತ್ತದೆ, ಆವಿಯಾದರೂ ಕದಲುವುದಿಲ್ಲ. ಆಮೇಲೆ ಸ್ಕೇಲ್ ಹಿಡಿದು ಆಳ ಅಳೆಯಿರಿ. ಸಾಮಾನ್ಯವಾಗಿ ಆರರಿಂದ ಒಂಬತ್ತು ಇಂಚಿನೊಳಗೆ ಒಂದು ಅಳತೆ ಹೇಳಿರುತ್ತಾರೆ, ನಿಮ್ಮ ಡಬ್ಬದ ಕಾಗದದಲ್ಲಿ ಇರುವುದನ್ನೇ ಪಾಲಿಸಿ. ಆಳ ಜಾಸ್ತಿ ಇದ್ದರೆ ಅಕ್ರಿಲಿಕ್ ತುಂಡು ಇಟ್ಟು ಎತ್ತರಿಸಿ. ಇಟ್ಟಿಗೆ ಬೇಡ, ಕಬ್ಬಿಣ ಅಂತೂ ಬೇಡವೇ ಬೇಡ.

ಇಷ್ಟು ಆದ ಮೇಲೆ ವಾಲ್ವ್ ಪೂರ್ತಿ ತೆರೆದು ಶುರು ಮಾಡಿ. ವಾಲ್ವ್ ಮುಚ್ಚಿದಷ್ಟೂ ಒಳಗಿನ ಮಟ್ಟ ಏರುತ್ತದೆ. ಅಗಲವಾದ ಭಾಗ ಕಿರಿದಾಗಿ ಕತ್ತು ಶುರುವಾಗುವ ಜಾಗವಿದೆಯಲ್ಲ, ನೀರು ನೊರೆಯಾಗಿ ಬದಲಾಗುವ ಗೆರೆ ಅಲ್ಲಿಗೆ ಬರಲಿ. ಒಂದು ಸಲ ತಿರುಗಿಸಿದರೆ ಮತ್ತೆ 24 ಗಂಟೆ ಮುಟ್ಟಬೇಡಿ. ನಾನು ಮೊದಲ ಸ್ಕಿಮ್ಮರ್ ತಂದಾಗ ಗಂಟೆಗೊಂದು ಸಲ ತಿರುಗಿಸಿ, ಯಾವುದರಿಂದ ಏನಾಯಿತು ಅಂತ ಗೊತ್ತಾಗದೆ ಒಂದು ತಿಂಗಳು ಕಳೆದಿದ್ದೇನೆ. ಹೊಸ ಪ್ಲಾಸ್ಟಿಕ್‌ನಲ್ಲಿ ಎಣ್ಣೆ ಅಂಶ ಇರುತ್ತದೆ, ಒಳಗೆ ತೆಳುವಾದ ಪದರ ಕೂರಬೇಕು, ಅದಕ್ಕೇ ಒಂದೆರಡು ವಾರ ಹಿಡಿಯುತ್ತದೆ.

ಮಂಡ್ಯ_ಉಪ್ಪುನೀರು:
ಮೇಲಿನವರು ಹೇಳಿದ್ದು ಸರಿ ಅಣ್ಣ. ನಮ್ಮ ಕಡೆ ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತು ನೋಡಿದ್ದರೆ ಇದು ಬೇಗ ಅರ್ಥ ಆಗುತ್ತದೆ. ಕಬ್ಬಿನ ಹಾಲು ಕಾಯುವಾಗ ಕೊಳೆಯೆಲ್ಲ ನೊರೆ ಜೊತೆ ಮೇಲೆ ಬರುತ್ತದೆ, ಅದನ್ನು ತೆಗೆದು ಆಚೆ ಹಾಕುತ್ತಾರೆ. ಆತುರ ಬಿದ್ದರೆ ಕೊಳೆ ಜೊತೆ ಹಾಲೂ ಹೋಗುತ್ತದೆ. ಅಲ್ಲಿ ಬೆಂಕಿ ಮಾಡುವ ಕೆಲಸವನ್ನು ಇಲ್ಲಿ ಗಾಳಿಗುಳ್ಳೆ ಮಾಡುತ್ತದೆ. ಮೀನಿನ ಲೋಳೆ, ಉಳಿದ ಆಹಾರದ ಪ್ರೋಟೀನ್, ಜಿಡ್ಡು ಇವಕ್ಕೆ ಗುಳ್ಳೆಯ ಮೈಗೆ ಅಂಟುವ ಗುಣ ಇದೆ. ಉಪ್ಪುನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ಸೇರಿ ದೊಡ್ಡದಾಗದೆ ಸಣ್ಣದಾಗೇ ಉಳಿಯುತ್ತವೆ, ಸಿಹಿನೀರಿನ ಟ್ಯಾಂಕ್‌ಗೆ ಇದು ಕೆಲಸ ಮಾಡದಿರುವುದು ಅದಕ್ಕೇ. ಆದರೆ ಕೊಳೆತು ಆಗಲೇ ನೀರಿಗೆ ಸೇರಿದ, ಪಾಚಿಗೆ ಗೊಬ್ಬರವಾಗುವ ನೈಟ್ರೇಟ್ ಇದರಿಂದ ಹೋಗುವುದಿಲ್ಲ. ಕೊಳೆಯುವ ಮುಂಚೆ ಎತ್ತಿ ಹಾಕುವುದಷ್ಟೇ ಇದರ ಕೆಲಸ, ಹಾಗಾಗಿ ಪಾಚಿ ನಾಳೆಯೇ ಮಾಯ ಆಗಲಿ ಅಂತ ಕಾಯಬೇಡಿ.

ಇನ್ನೊಂದು ಕೇಳಬೇಕಿತ್ತು. ಸಂಜೆ ತುಂಬಿಸುವ ನೀರು ಯಾವುದು? ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ಔಷಧಿ ಹಾಕುತ್ತೀರಾ? ಮೀನಿನ ಮೈಲೋಳೆ ಕಾಪಾಡುತ್ತದೆ ಅಂತ ಬರೆದಿರುವ ಔಷಧಿಗಳು ಸ್ಕಿಮ್ಮರ್ ಅನ್ನು ಹುಚ್ಚೆಬ್ಬಿಸಿ ಉಕ್ಕಿಸುತ್ತವೆ. ಆರ್‌ಓ ನೀರು ಹಾಕಿ. ಮನೆಯ ಆರ್‌ಓದಲ್ಲಿ ಕುಡಿಯಲು ರುಚಿ ಬರಲಿ ಅಂತ ಸ್ವಲ್ಪ ಹಸಿ ನೀರು ಬೆರೆಸುವ ಟಿಡಿಎಸ್ ವಾಲ್ವ್ ಇರುತ್ತದೆ, ಟ್ಯಾಂಕ್‌ಗೆ ಹಿಡಿಯುವಾಗ ಅದನ್ನು ಮುಚ್ಚಿಕೊಳ್ಳಿ.

ಪುಟ್ಟ_ಟ್ಯಾಂಕ್_ಗೋಕುಲಂ:
ನನ್ನದು 60 ಲೀಟರ್, ಸ್ಕಿಮ್ಮರ್ ಇಲ್ಲ. ವಾರಕ್ಕೆ 10% ನೀರು ಬದಲಿಸುತ್ತೇನೆ, ಎರಡು ಮೀನು, ಸಾಫ್ಟ್ ಕೋರಲ್ ಆರಾಮಾಗಿವೆ. ಆದರೆ 180 ಲೀಟರ್‌ಗೆ ವಾರವಾರ ಉಪ್ಪು ಬೆರೆಸುವುದು ಖರ್ಚಿನ ಕೆಲಸ, ನೀವು ಸ್ಕಿಮ್ಮರ್ ಇಟ್ಟುಕೊಳ್ಳಿ. ನೀರಿಗೆ ಆಮ್ಲಜನಕ ಸಿಗುವುದೂ ದೊಡ್ಡ ಲಾಭ. ಹೊಸ ಕಲ್ಲು ಬೇಕಾದರೆ ತಯಾರಿಸಿದ ಒಣಕಲ್ಲು ತನ್ನಿ. ಸಮುದ್ರದಿಂದ ಕಿತ್ತ ಹವಳ ಬೇಡ, ಬಂಡೆ ಕಟ್ಟುವ ಹವಳಗಳಿಗೆಲ್ಲ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

ಸಂಪ್_ಸರಸ್ವತಿಪುರಂ:
ಅಕ್ಕ ಹೇಳಿದ್ದು ಒಪ್ಪುತ್ತೇನೆ. ಕರೆಂಟ್ ವಿಷಯ ಹೇಳುವುದು ಮರೆತಿದ್ದೆ. ಕರೆಂಟ್ ಹೋದಾಗ ಮೇಲಿನ ನೀರು ಸಂಪ್‌ಗೆ ಇಳಿದು ಮಟ್ಟ ಏರುತ್ತದೆ. ಬಂದ ಕೂಡಲೇ ಎರಡೂ ಪಂಪ್ ಒಟ್ಟಿಗೆ ಶುರುವಾದರೆ ಸ್ಕಿಮ್ಮರ್ ಉಕ್ಕುವುದು ಗ್ಯಾರಂಟಿ. ಸ್ಕಿಮ್ಮರ್‌ಗೆ ಹತ್ತು ನಿಮಿಷ ತಡವಾಗಿ ಆನ್ ಆಗುವ ಟೈಮರ್ ಪ್ಲಗ್ ಹಾಕಿ. ಇನ್ವರ್ಟರ್‌ಗೆ ರಿಟರ್ನ್ ಪಂಪ್ ಕೊಡಿ, ಸ್ಕಿಮ್ಮರ್ ಒಂದು ಗಂಟೆ ನಿಂತರೆ ಏನೂ ಆಗುವುದಿಲ್ಲ. ಕಪ್‌ನಿಂದ ಹೊರಗೆ ಪೈಪ್ ಬಿಡುವುದಿದ್ದರೆ ಎಚ್ಚರ. ಉಪ್ಪುನೀರು 5 ಲೀಟರ್ ಹೊರಗೆ ಹೋಗಿ ಆ ಜಾಗಕ್ಕೆ ನೀವು ಸಿಹಿನೀರು ತುಂಬಿಸಿದರೆ, ನಿಮ್ಮ ಟ್ಯಾಂಕ್‌ನ ಉಪ್ಪಿನಂಶ ಲೀಟರಿಗೆ 35 ಗ್ರಾಂನಿಂದ 34ಕ್ಕೆ ಬರುತ್ತದೆ.

ಕುವೆಂಪುನಗರ_ಟ್ಯಾಂಕ್:
ಹನ್ನೊಂದು ದಿನ ಆಯಿತು, ಹೇಳಿಹೋಗೋಣ ಅಂತ ಬಂದೆ. ಮಧ್ಯದ ಖಾನೆಗೆ ಹಾಕಿದೆ, ಎರಡು ಅಕ್ರಿಲಿಕ್ ತುಂಡು ಇಟ್ಟು ಎತ್ತರಿಸಿದೆ. ಔಷಧಿ ಹಾಕುತ್ತಿದ್ದುದು ನಿಜ, ನಿಲ್ಲಿಸಿದೆ. ಮೊದಲ ನಾಲ್ಕು ದಿನ ಏನೂ ಇಲ್ಲ, ಕೈ ಕಟ್ಟಿಕೊಂಡು ನೋಡಿದೆ. ಐದನೇ ದಿನ ಕತ್ತಿನ ಒಳಗೆ ಕಂದು ಬಣ್ಣದ ಜಿಡ್ಡು ಉಂಗುರದ ಹಾಗೆ ಕಟ್ಟಿತು. ಈಗ ಎರಡು ದಿನಕ್ಕೆ ಕಪ್‌ನಲ್ಲಿ ಎರಡು ಬೆರಳಷ್ಟು ನಿಲ್ಲುತ್ತದೆ, ಬಣ್ಣ ಕಾಫಿ ಡಿಕಾಕ್ಷನ್ ತರ, ವಾಸನೆ ಮಾತ್ರ ಕೊಳೆತ ಮೀನಿನದು. ಇಷ್ಟೂ ನನ್ನ ಟ್ಯಾಂಕ್ ಒಳಗೇ ಸುತ್ತುತ್ತಿತ್ತು ಅಂತ ನೆನೆಸಿಕೊಂಡರೆ ಹೊಟ್ಟೆ ತೊಳಸುತ್ತದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆಯಿಂದ ಗುಳ್ಳೆ ಸ್ವಲ್ಪ ಕಡಿಮೆ ಆಗಿವೆ, ಯಾಕಿರಬಹುದು?

ಮಂಡ್ಯ_ಉಪ್ಪುನೀರು:
ಖುಷಿಯಾಯಿತು ಅಣ್ಣ. ಗಾಳಿ ಪೈಪಿನ ತುದಿ ನೋಡಿ, ಬಿಳಿ ಉಪ್ಪು ಕಟ್ಟಿರುತ್ತದೆ. ಪಂಪ್ ಓಡುತ್ತಿರುವಾಗಲೇ ಆ ಪೈಪಿಗೆ ಒಂದು ಲೋಟ ಬೆಚ್ಚಗಿನ ಆರ್‌ಓ ನೀರು ಎಳೆಸಿ, ಕರಗುತ್ತದೆ. ಕತ್ತಿನ ಜಿಡ್ಡನ್ನು ಎರಡು ಮೂರು ದಿನಕ್ಕೊಮ್ಮೆ ಒರೆಸಿ, ಜಿಡ್ಡು ದಪ್ಪ ಆದರೆ ನೊರೆ ಹತ್ತುವುದಿಲ್ಲ. ಮೂರು ತಿಂಗಳಿಗೊಮ್ಮೆ ಪಂಪ್ ಬಿಚ್ಚಿ ವಿನೆಗರ್ ನೀರಿನಲ್ಲಿ ನೆನೆಸಿಡಿ. ಊಟ ಹಾಕಿದ ಮೇಲೆ ಒಂದೆರಡು ಗಂಟೆ ನೊರೆ ಕುಸಿದರೆ ಗಾಬರಿ ಬೇಡ, ಆಹಾರದ ಎಣ್ಣೆಗೆ ಹಾಗಾಗುತ್ತದೆ. ಆಗ ವಾಲ್ವ್ ಮುಟ್ಟಬೇಡಿ.