ಎಂಎಲ್‌ಎಂ ಸಾಕ್ಷ್ಯಚಿತ್ರಗಳಲ್ಲಿ ಬರುವ ಆ "99 ಪರ್ಸೆಂಟ್" ನಿಜವಾ?

ಹಿಂದಿನ ಬೆಂಚು (ಪ್ರಶ್ನೆ):

ನನ್ನ ಚಿಕ್ಕಮ್ಮ ನಾಲ್ಕು ವರ್ಷದಿಂದ ಒಂದು ಎಂಎಲ್‌ಎಂನಲ್ಲಿದ್ದಾರೆ (ಮಲ್ಟಿ-ಲೆವೆಲ್ ಮಾರ್ಕೆಟಿಂಗ್: ಸರಕು ಮಾರುತ್ತಾ, ಕೆಳಗೆ ಹೊಸಬರನ್ನು ಸೇರಿಸುತ್ತಾ ಕಮಿಷನ್ ಗಳಿಸುವ ವ್ಯಾಪಾರ). ಕಂಪನಿ ಹೆಸರು ಬೇಡ. ಅವರ ಮಂಚದ ಕೆಳಗೆ ಪ್ರೋಟೀನ್ ಪುಡಿಯ ಡಬ್ಬಿಗಳ ಸಾಲೇ ಇದೆ. ಮೂರರ ಎಕ್ಸ್‌ಪೈರಿ ದಾಟಿದೆ, ನಾನೇ ತಿರುಗಿಸಿ ನೋಡಿದ್ದೇನೆ. ಹೇಳಿ ಹೇಳಿ ಸೋತು, ಹೋದ ಭಾನುವಾರ ಒಂದು ಸಾಕ್ಷ್ಯಚಿತ್ರ ಹಾಕಿ ಪಕ್ಕದಲ್ಲಿ ಕೂರಿಸಿಕೊಂಡೆ. ಹನ್ನೆರಡನೇ ನಿಮಿಷಕ್ಕೆ ಪರದೆ ತುಂಬ ದಪ್ಪಕ್ಷರ: 99% ಜನ ದುಡ್ಡು ಕಳೆದುಕೊಳ್ಳುತ್ತಾರೆ, ಆಧಾರ ಅಮೆರಿಕದ ಎಫ್‌ಟಿಸಿ (ವ್ಯಾಪಾರದ ಮೋಸ ತಡೆಯುವ ಸರ್ಕಾರಿ ಸಂಸ್ಥೆ). ಚಿಕ್ಕಮ್ಮ ರಿಮೋಟ್ ಕಿತ್ತುಕೊಂಡು ನಿಲ್ಲಿಸಿದರು. "ನಮ್ಮ ಟೀಮಲ್ಲೇ ಇಬ್ಬರು ಲಾಭದಲ್ಲಿದ್ದಾರೆ ಕಣೋ. ಇದೇ ಸುಳ್ಳಾದರೆ ಮಿಕ್ಕಿದ್ದೂ ಸುಳ್ಳೇ" ಅಂತ ಎದ್ದು ಹೋದರು.

ಆ ಅಂಕಿ ಎಲ್ಲಿಂದ ಬಂತು? ಇಂಥ ಚಿತ್ರಗಳು ಕಂಪನಿಯವರ ಮಾತಿಗೂ ಜಾಗ ಕೊಡಬೇಕಾ, ಇಲ್ಲಾ ಅದು ಬರೀ ನಾಟಕವಾ?

ಕತ್ತರಿ:

ನಾನು ಎಡಿಟಿಂಗ್ ಮಾಡುವವನು, ಹಾಗಾಗಿ ಈ ಅಂಕಿ ನನ್ನ ಮೇಜಿನ ಮೇಲೂ ಬಂದಿದೆ. ಅದು ಎಫ್‌ಟಿಸಿಯ ಸಂಶೋಧನೆಯೇ ಅಲ್ಲ. ಜಾನ್ ಟೇಲರ್ ಎಂಬ ಎಂಎಲ್‌ಎಂ ವಿಮರ್ಶಕರು ಬರೆದು, ಸಾರ್ವಜನಿಕ ಅಭಿಪ್ರಾಯವೆಂದು ಎಫ್‌ಟಿಸಿಗೆ ಸಲ್ಲಿಸಿದ್ದು. ಎಫ್‌ಟಿಸಿ ತನ್ನ ವೆಬ್‌ಸೈಟಿನಲ್ಲಿ ಹಾಕಿತು, ಅಷ್ಟೇ. ಅರ್ಜಿ ಕೊಟ್ಟವನ ಮಾತನ್ನು ಕಚೇರಿಯ ಆದೇಶ ಅಂದ ಹಾಗಾಯಿತು. ಬಿಟ್ಟುಹೋದವರನ್ನೂ ಖರ್ಚನ್ನೂ ಸೇರಿಸಿ ಅವರು ಹಾಕಿದ ಲೆಕ್ಕ ಅದು. ಲೆಕ್ಕ ಹಾಕಿದ್ದು ಅವರು ಎಂದು ಪರದೆಯ ಮೇಲೆ ಬರೆದಿದ್ದರೆ ತಕರಾರಿರಲಿಲ್ಲ.

2018ರಲ್ಲಿ ಎಎಆರ್‌ಪಿ ಫೌಂಡೇಶನ್ (ಹಿರಿಯರಿಗಾಗಿ ದುಡಿಯುವ ದತ್ತಿ ಸಂಸ್ಥೆ) ಅಮೆರಿಕದಲ್ಲಿ ಎಂಎಲ್‌ಎಂ ಸೇರಿದ್ದವರನ್ನೇ ಕೇಳಿ ನೋಡಿತು. 47% ಜನ ನಷ್ಟ ಅಂದರು, 27% ಹಾಕಿದ್ದು ಬಂತು ಅಂದರು, 25% ಲಾಭ ಅಂದರು. ಲಾಭ ಅಂದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸಿಕ್ಕಿದ್ದು 5,000 ಡಾಲರ್ ಒಳಗೆ. ಇದನ್ನು ತೋರಿಸಿದ್ದರೆ ನಿಮ್ಮ ಚಿಕ್ಕಮ್ಮನ ಆ ಇಬ್ಬರಿಗೂ ಲೆಕ್ಕದಲ್ಲಿ ಜಾಗ ಸಿಗುತ್ತಿತ್ತು, ಅವರು ಏಳುತ್ತಿರಲಿಲ್ಲ.

ಆದರೆ ನನ್ನನ್ನು ಕಾಡುವುದು ಅಂಕಿಗಿಂತ ಕತ್ತರಿ. ಕೆಲವು ವರ್ಷದ ಹಿಂದೆ ಇದೇ ವಿಷಯದ ಒಂದು ಕಿರುಚಿತ್ರ ಎಡಿಟ್ ಮಾಡಿದ್ದೆ. ಸಾಲ ಮಾಡಿ ಮುಳುಗಿದ ಒಬ್ಬರು ಕ್ಯಾಮೆರಾ ಮುಂದೆ ಅತ್ತರು. ಅಳು ನಿಂತ ಮೇಲೆ, ಮೂಗು ಒರೆಸಿಕೊಳ್ಳುತ್ತಾ, "ನಾನೂ ಆರು ಜನರನ್ನ ಸೇರಿಸಿದೆ ಸಾರ್, ಅದರಲ್ಲೊಬ್ಬ ನನ್ನ ಭಾವಮೈದ" ಅಂದರು. ಹನ್ನೊಂದು ಸೆಕೆಂಡ್. ನಿರ್ದೇಶಕರು ತೆಗಿ ಅಂದರು, ಪ್ರೇಕ್ಷಕರ ಕನಿಕರ ಕಮ್ಮಿಯಾಗುತ್ತದಂತೆ. ತೆಗೆದೆ. ಮೊದಲ ಪ್ರದರ್ಶನ ಮುಗಿದು ದೀಪ ಹಾಕಿದಾಗ ಎದ್ದು ನಿಂತವನು ಆ ಭಾವಮೈದ. "ನನ್ನ ದುಡ್ಡಿನ ಸುದ್ದಿ ಯಾಕಿಲ್ಲ?" ಅಂದ. ಎಂಎಲ್‌ಎಂ ಹಬ್ಬುವುದೇ ಆ ಹನ್ನೊಂದು ಸೆಕೆಂಡಿನಲ್ಲಿ, ಮೋಸ ಹೋದವರ ಕೈಯಿಂದ ಅವರದೇ ನೆಂಟರಿಗೆ. ಅದನ್ನೇ ಕತ್ತರಿಸಿ ಎಸೆದಿದ್ದೆ.

ಅಡಿಟಿಪ್ಪಣಿ:

ಕಂಪನಿಯ ಮಾತಿನ ಬಗ್ಗೆ ಕೇಳಿದ್ದಿರಿ. 2021ರ "ಲೂಲಾರಿಚ್" ಸಾಕ್ಷ್ಯಚಿತ್ರ ನೋಡಿ. ಬಟ್ಟೆ ಮಾರುವ ಎಂಎಲ್‌ಎಂ ಕಂಪನಿ ಲೂಲಾರೋದ ಸ್ಥಾಪಕ ದಂಪತಿಯನ್ನೇ ಕೂರಿಸಿ ಮಾತಾಡಿಸಿದ್ದಾರೆ. ಅದರ ಜೊತೆಗೆ ವಾಷಿಂಗ್ಟನ್ ರಾಜ್ಯದ ಅಟಾರ್ನಿ ಜನರಲ್ ಹೂಡಿದ್ದ ದಾವೆಯಲ್ಲಿ ಪ್ರಮಾಣ ಮಾಡಿ ಕೊಟ್ಟ ಹೇಳಿಕೆಯ ವಿಡಿಯೋನೂ ಹಾಕಿದ್ದಾರೆ. ಎರಡರಲ್ಲೂ ಮಾತಾಡುವವರು ಅವರೇ. ತೀರ್ಪು ನೋಡುವವರಿಗೆ ಬಿಟ್ಟಿದ್ದು. ಜಾಗ ಕೊಡುವುದು ಅಂದರೆ ನನಗೆ ಇದು.

"ಬೆಟಿಂಗ್ ಆನ್ ಜೀರೋ" ಚಿತ್ರದ್ದು ಬೇರೆ ಥರದ ತೊಡಕು. ಅದರಲ್ಲಿ ಪೌಷ್ಟಿಕ ಪುಡಿ ಮಾರುವ ಎಂಎಲ್‌ಎಂ ಕಂಪನಿ ಹರ್ಬಲೈಫ್ ವಿರುದ್ಧ ಮಾತಾಡುವ ಮುಖ್ಯ ವ್ಯಕ್ತಿ, ಹೂಡಿಕೆದಾರ ಬಿಲ್ ಆಕ್ಮನ್, ಕಂಪನಿಯ ಷೇರು ಬಿದ್ದರೆ ತನಗೆ ಲಾಭ ಎಂದು 2012ರಲ್ಲಿ 100 ಕೋಟಿ ಡಾಲರ್ ಪಣ ಕಟ್ಟಿದವರು. ಚಿತ್ರ ಅದನ್ನು ಮುಚ್ಚಿಡುವುದಿಲ್ಲ, ಹೆಸರಲ್ಲೇ ಇದೆ: ಷೇರು ಸೊನ್ನೆಗೆ ಇಳಿಯುತ್ತದೆ ಎಂಬ ಪಣ. ಆದರೂ ಕಣ್ಣಲ್ಲಿ ನೀರು ಬರುವ ದೃಶ್ಯದಲ್ಲಿ ಅದು ಯಾರಿಗೆ ನೆನಪಿರುತ್ತದೆ? 2016ರಲ್ಲಿ ಎಫ್‌ಟಿಸಿ ಜೊತೆಗಿನ ರಾಜಿಯಲ್ಲಿ ಹರ್ಬಲೈಫ್ 20 ಕೋಟಿ ಡಾಲರ್ ಕಟ್ಟಿತು, ಕಮಿಷನ್ ಪದ್ಧತಿಯನ್ನೂ ಬದಲಿಸಬೇಕಾಯಿತು. ಎಫ್‌ಟಿಸಿಯ ದೂರಿನಲ್ಲಿ "ಪಿರಮಿಡ್" (ಸರಕಿನ ಮಾರಾಟದಿಂದಲ್ಲ, ಹೊಸಬರ ದುಡ್ಡಿನಿಂದಲೇ ನಡೆಯುವ ಅಕ್ರಮ ಜಾಲ) ಎಂಬ ಪದ ಇರಲಿಲ್ಲ. ಹಾಗಂತ ಪಿರಮಿಡ್ ಅಲ್ಲ ಎಂಬ ಸರ್ಟಿಫಿಕೇಟನ್ನೂ ಅದು ಕೊಡಲಿಲ್ಲ. ಪರ, ವಿರೋಧ ಎರಡೂ ಕಡೆಯವರು ಈ ಎರಡರಲ್ಲಿ ಒಂದನ್ನು ಮಾತ್ರ ಹೇಳುತ್ತಾರೆ.

ಹಳೇ ಅಪ್‌ಲೈನ್:

ನಾನು ಅಪ್‌ಲೈನ್ ಆಗಿದ್ದವನು, ಅಂದರೆ ಎಂಎಲ್‌ಎಂಗೆ ಬೇರೆಯವರನ್ನು ಸೇರಿಸಿ ಅವರ ಮೇಲಿದ್ದವನು, ವೇದಿಕೆ ಹತ್ತಿ ಭಾಷಣ ಹೊಡೆದವನು. ನಮಗೆ ತಪ್ಪು ಅಂಕಿಯ ಸಾಕ್ಷ್ಯಚಿತ್ರ ಅಂದರೆ ಹಬ್ಬ. ಮೀಟಿಂಗಲ್ಲಿ ನಾವೇ ಆ ತುಣುಕು ಹಾಕಿ, "ನೋಡಿ, ಎಷ್ಟು ಹೊಟ್ಟೆಕಿಚ್ಚು" ಅಂತ ನಗಿಸುತ್ತಿದ್ದೆವು. ನಮಗೆ ಹೆದರಿಕೆ ಇದ್ದಿದ್ದು, ಸೇರಿದವರು ಎಷ್ಟು ಗಳಿಸುತ್ತಾರೆಂದು ಕಂಪನಿಯೇ ಪ್ರಕಟಿಸುವ ಆದಾಯ ಪಟ್ಟಿಯನ್ನು ಯಾರಾದರೂ ಕೂತು ಓದಿಬಿಟ್ಟರೆ ಅಂತ. 2024ರಲ್ಲಿ ಎಫ್‌ಟಿಸಿ ಸಿಬ್ಬಂದಿ ಅಂಥ 70 ಪಟ್ಟಿ ಓದಿದರು. ಹೆಚ್ಚಿನವರ ಗಳಿಕೆ ವರ್ಷಕ್ಕೆ 1,000 ಡಾಲರ್ ಅಥವಾ ಅದಕ್ಕೂ ಕಡಿಮೆ. ಅದೂ ಹೆಚ್ಚಿನ ಪಟ್ಟಿಗಳಲ್ಲಿ ಖರ್ಚು ಕಳೆಯದೆ! ಚಿತ್ರ ಬಿಡಿ, ಪಟ್ಟಿ ಹಿಡೀರಿ.

ಹಿಂದಿನ ಬೆಂಚು:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಹೋಗಿ ಮೊದಲು, "ಆ 99 ತಪ್ಪಿತ್ತು ಚಿಕ್ಕಮ್ಮ, ನೀವು ಹೇಳಿದ್ದೇ ಸರಿ" ಅಂದೆ. ಒಂದು ನಿಮಿಷ ನನ್ನ ಮುಖವನ್ನೇ ನೋಡಿದರು. ಆಮೇಲೆ ಅವರ ಕಂಪನಿಯ ಪಟ್ಟಿಯನ್ನೇ ಫೋನಲ್ಲಿ ತೆರೆದು, ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿದ್ದ "ಖರ್ಚು ಸೇರಿಲ್ಲ" ಎಂಬ ಸಾಲನ್ನು ದೊಡ್ಡದು ಮಾಡಿ ತೋರಿಸಿದೆ. ಅವರೇ ಹಳೇ ನೋಟ್‌ಬುಕ್ ತಂದರು. ಸಂಜೆವರೆಗೆ ಕೂತು ಒಂದು ವರ್ಷದ್ದು ಬರೆದೆವು. ಟ್ರೈನಿಂಗ್ ಶಿಬಿರಗಳ ಟಿಕೆಟನ್ನು ಮಾತ್ರ ಖರ್ಚಿಗೆ ಸೇರಿಸಲು ಬಿಡಲಿಲ್ಲ. "ಅದು ಖರ್ಚಲ್ಲ, ವಿದ್ಯೆ" ಅಂತ ಪಕ್ಕದಲ್ಲಿ ಬೇರೆ ಕಾಲಂ ಎಳೆಸಿದರು. ನಾನು ವಾದ ಮಾಡಲಿಲ್ಲ, ಎಳೆದೆ. ಉಳಿದ ಮೂರು ವರ್ಷ ಮುಂದಿನ ಭಾನುವಾರಕ್ಕೆ.