'ವೈರಾಣುವಾಹಕ': ಈ ಸಮಾಸವನ್ನು ಹೇಗೆ ಬಿಡಿಸಬೇಕು?

ಮಾನ್ಯರೇ,

ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯಲ್ಲಿ ಶ್ವಾಸನಾಳದ ಜೀವಕೋಶಗಳಿಗೆ ವೈರಸ್ ಮೂಲಕ ಸರಿಯಾದ ಜೀನ್ ತಲುಪಿಸುವ ಚಿಕಿತ್ಸೆಯನ್ನು ಕುರಿತು, ಚಿಕ್ಕಮಗಳೂರು ಜಿಲ್ಲೆಯ ಓದುಗರಿಗಾಗಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ಹೀಗೆ ಜೀನನ್ನು ಹೊತ್ತೊಯ್ಯುವ ವೈರಸ್ಸಿಗೆ ಇಂಗ್ಲಿಷಿನಲ್ಲಿರುವ 'ವೈರಲ್ ವೆಕ್ಟರ್' ಎಂಬುದಕ್ಕೆ ಮೊದಲು 'ವೈರಾಣುವಾಹಕ' ಎಂದೇ ಬರೆದಿದ್ದೆ. ಕರಡನ್ನು ಓದಿದ ಕೊಪ್ಪದ ಆರೋಗ್ಯ ಕಾರ್ಯಕರ್ತೆಯೊಬ್ಬರು ಆ ಪದಕ್ಕೆ ಅಡಿಗೆರೆ ಎಳೆದು, ಪಕ್ಕದಲ್ಲಿ "ಉಣುಗೇ?" ಎಂದು ಬರೆದು ಹಿಂದಿರುಗಿಸಿದರು.

ಅವರು ಕೇಳಿದ್ದು ಸರಿಯಾಗಿಯೇ ಇದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನು ಬಲ್ಲ ಮಲೆನಾಡಿನವರಿಗೆ ವೈರಾಣುವನ್ನು ಹೊತ್ತು ತರುವುದೆಂದರೆ ಉಣುಗು. 'ವೈರಾಣುವನ್ನು ಹೊರುವುದು' ಎಂದು ಬಿಡಿಸಿದರೆ ತತ್ಪುರುಷ; 'ವೈರಾಣುವೇ ವಾಹಕ' ಎಂದರೆ ಕರ್ಮಧಾರಯ. ಒಂದರಲ್ಲಿ ವೈರಾಣು ಹೊರೆ, ಇನ್ನೊಂದರಲ್ಲಿ ಅದೇ ಹೊರುವ ಆಳು. ರೋಗ ತರುವ ಹುಳುವಿಗೂ, ವೃದ್ಧಿಸುವ ಶಕ್ತಿಯನ್ನು ತೆಗೆದು ಮದ್ದಿಗೆ ಬಳಸುವ ವೈರಸ್ಸಿಗೂ ಒಂದೇ ಹೆಸರಾದರೆ ಓದುಗರು ಹೆದರುವುದು ಸಹಜ.

ತೊಡಕು ಇನ್ನೂ ಇದೆ. ಸಿಎಫ್‌ಟಿಆರ್ ಜೀನಿನ ಎರಡು ಪ್ರತಿಗಳೂ ಕೆಟ್ಟಿದ್ದರೆ ಮಾತ್ರ ಸಿಸ್ಟಿಕ್ ಫೈಬ್ರೋಸಿಸ್ ಬರುತ್ತದೆ. ಒಂದೇ ಪ್ರತಿ ಕೆಟ್ಟಿರುವ ತಂದೆತಾಯಿಯರನ್ನೂ ನಾವು 'ವಾಹಕರು' ಎನ್ನುತ್ತೇವೆ. ಜೀನಿಗೆ 'ವಂಶವಾಹಿ' ಎಂದೂ ಬರೆದರೆ ಒಂದೇ ವಾಕ್ಯದಲ್ಲಿ ಮೂರು ಬಗೆಯ ಹೊರುವವರು ಸೇರಿಕೊಳ್ಳುತ್ತಾರೆ. 'ವೆಕ್ಟರ್'ಗೆ ಗಣಿತದಲ್ಲಿ ಬಳಸುವ 'ಸದಿಶ' ಇಲ್ಲಿ ಒದಗುವುದಿಲ್ಲ.

ನನಗೆ ತೋಚಿರುವುದು 'ಸಾಗಣೆ ವೈರಸ್'. ಈ ವಿಷಯದಲ್ಲಿ ಸರಕು ಮತ್ತು ಜಾಗದ ಲೆಕ್ಕವೇ ಮುಖ್ಯವಾದ್ದರಿಂದ ಅದು ಹೊಂದುತ್ತದೆ ಎನಿಸುತ್ತದೆ. ಇಂಥ ಸಾಗಣೆಗೆ ಬಳಸುವ ಅಡಿನೋ ಸಂಬಂಧಿತ ವೈರಸ್ಸಿನೊಳಗೆ ಹಿಡಿಸುವುದು ಸುಮಾರು 4,700 ಡಿಎನ್‌ಎ ಅಕ್ಷರಗಳಷ್ಟೇ. ಸಿಎಫ್‌ಟಿಆರ್ ಪ್ರೋಟೀನಿನ ಸಂಕೇತವೊಂದೇ 4,443 ಅಕ್ಷರಗಳಷ್ಟಿರುವುದರಿಂದ, ಜೀನಿಗೆ ಚಾಲನೆ ಕೊಡುವ ಭಾಗವನ್ನು ಜೊತೆಗೆ ತುಂಬಲು ಜಾಗ ಸಾಲದಾಗುತ್ತದೆ.

'ಡೆಲಿವರಿ' ಎಂಬುದಕ್ಕೂ ಪದ ಬೇಕಾಗಿದೆ. 'ರವಾನೆ' ಎಂದರೆ ಕಳುಹಿಸಿದಲ್ಲಿಗೆ ಮುಗಿಯುತ್ತದೆ, 'ತಲುಪಿಸುವಿಕೆ' ಬಾಗಿಲವರೆಗೆ ಬರುತ್ತದೆ. ಇಲ್ಲಿ ಕಷ್ಟ ಇರುವುದು ಬಾಗಿಲಿನಲ್ಲಿಯೇ. ಇದೇ ಕೆಲಸಕ್ಕೆ ಬಳಸುವ ಇನ್ನೊಂದು ವೈರಸ್ಸಾದ ಅಡಿನೋವೈರಸ್ ದಪ್ಪ ಲೋಳೆಯನ್ನು ದಾಟಿ ಜೀವಕೋಶವನ್ನು ಮುಟ್ಟಿದರೂ, ಅದು ಹಿಡಿದುಕೊಳ್ಳಬೇಕಾದ ಗ್ರಾಹಕಗಳು (ರಿಸೆಪ್ಟರ್) ಗಾಳಿ ಸೋಕುವ ಮೇಲ್ಮೈಯಲ್ಲಿ ಇರದೆ, ಕೋಶಗಳನ್ನು ಒಂದಕ್ಕೊಂದು ಬಿಗಿದಿರುವ ಬೆಸುಗೆಗಳ ಕೆಳಗೆ ಅಡಗಿರುತ್ತವೆ. ಆದ್ದರಿಂದಲೇ ಆ ಬೆಸುಗೆಯನ್ನು ತುಸು ಹೊತ್ತು ಸಡಿಲಿಸುವ ಪದಾರ್ಥವನ್ನು ಮೊದಲು ಲೇಪಿಸಿ, ಬಳಿಕ ವೈರಸ್ ಬಿಡುವ ಪ್ರಯೋಗಗಳು ಪ್ರಾಣಿಗಳಲ್ಲಿ ನಡೆದಿವೆ. ಅಂಗಳಕ್ಕೆ ಬಂದವರೆಲ್ಲ ಒಳಮನೆ ಸೇರಿದಂತಾಗದು. ಆ ವ್ಯತ್ಯಾಸವನ್ನು ಕಾಣಿಸಲು 'ಒಳಸೇರಿಕೆ' ಎನ್ನಬಹುದೇ?

ಹಾಸನ, ಚಿಕ್ಕಮಗಳೂರಿನಲ್ಲಿ ಜೀವಶಾಸ್ತ್ರ ಪಾಠ ಹೇಳುವವರು ತರಗತಿಯಲ್ಲಿ ಬೇರೆ ಪದ ಬಳಸುತ್ತಿದ್ದರೆ, ಅದನ್ನು ಬಳಸಿದ ವಾಕ್ಯದೊಂದಿಗೇ ತಿಳಿಸಬೇಕೆಂದು ಕೋರುತ್ತೇನೆ.